ಹೊಸ ಕೈಗೆ ಎಷ್ಟು ಕುದುರೆ?

ಯಮಹಾ ಆರ್‌ಎಕ್ಸ್ 100 ಎಂಬ ಹೆಸರು ಕಿವಿಗೆ ಬಿದ್ದರೆ ಸಾಕು, ಐವತ್ತು ದಾಟಿದ ಎಷ್ಟೋ ಗಂಡಸರ ಮುಖ ಅರಳುತ್ತದೆ. 1985ರಲ್ಲಿ ನಮ್ಮ ರಸ್ತೆಗೆ ಇಳಿದ ಗಾಡಿ ಅದು. ಸೈಲೆನ್ಸರಿನ ಸದ್ದು ಕೇಳಿಯೇ ಯಾರ ಮನೆ ಹುಡುಗ ಬಂದ ಎಂದು ಓಣಿಯವರು ಹೇಳಿಬಿಡುತ್ತಿದ್ದರು. ‘ಅದರ ಪಿಕಪ್ಪು ಭಯಂಕರ, ಹೊಸಬರ ಕೈಗೆ ಕೊಡಬೇಡಿ’ ಎಂಬ ಮಾತೂ ಆ ಸದ್ದಿನ ಜೊತೆಗೇ ಓಡಾಡುತ್ತಿತ್ತು. ಈಗ ಅದರ ಜಾತಕ ನೋಡಿ. ಎಂಜಿನ್ 98 ಸಿಸಿ. ಬಲ 11 ಅಶ್ವಶಕ್ತಿ. ತೂಕ ನೂರು ಕಿಲೋ ಆಸುಪಾಸು. ಇದೇ ಅಂಕಿಗಳನ್ನು ಇವತ್ತಿನ ಯುರೋಪಿನ ಲೈಸೆನ್ಸ್ ಕಾನೂನಿನ ಮುಂದೆ ಹಿಡಿದರೆ, ನಮ್ಮ ಭಯಂಕರ ಗಾಡಿ ಮೀಸೆ ಚಿಗುರುವ ಹುಡುಗರಿಗೆಂದೇ ಇಟ್ಟಿರುವ ಎ1 ಎಂಬ ಸಣ್ಣ ವರ್ಗದೊಳಗೆ ಸಲೀಸಾಗಿ ಕೂರುತ್ತದೆ.

ಬಲಕ್ಕೆ ಮಿತಿ ಹಾಕಿದ ಮೊದಲ ಬೈಕು ಎನ್ನುವುದು ನಮ್ಮಲ್ಲಿ ಅಷ್ಟಾಗಿ ಕೇಳದ ಮಾತು. ಬ್ರಿಟನ್ನಿನಲ್ಲೂ ಯುರೋಪಿನ ಒಕ್ಕೂಟದ ದೇಶಗಳಲ್ಲೂ ಅದು ಪ್ರತಿ ಮನೆಯ ಮಾತು. 2013ರ ಜನವರಿ 19ರಿಂದ ಅಲ್ಲಿನ ಮೋಟರ್‌ಸೈಕಲ್ ಲೈಸೆನ್ಸು ಮೆಟ್ಟಿಲು ಮೆಟ್ಟಿಲಾಗಿದೆ. ಬ್ರಿಟನ್ನಿನ ಲೆಕ್ಕ ಹೇಳುತ್ತೇನೆ. 16 ತುಂಬಿದರೆ 50 ಸಿಸಿಯ ಮೊಪೆಡ್. 17ಕ್ಕೆ ಎ1: 125 ಸಿಸಿಯವರೆಗೆ, 11 ಕಿಲೋವ್ಯಾಟ್, ಅಂದರೆ ಹೆಚ್ಚುಕಡಿಮೆ 15 ಅಶ್ವಶಕ್ತಿ. 19ಕ್ಕೆ ಎ2: ಸಿಸಿ ಎಷ್ಟಾದರೂ ಇರಲಿ, ಬಲ ಮಾತ್ರ 35 ಕಿಲೋವ್ಯಾಟ್ ದಾಟಬಾರದು. ನಮ್ಮ ಭಾಷೆಯಲ್ಲಿ ಅದು ಸುಮಾರು 47 ಅಶ್ವಶಕ್ತಿ. ಎ2ನಲ್ಲಿ ಎರಡು ವರ್ಷ ಓಡಿಸಿ, ಮತ್ತೆ ಪರೀಕ್ಷೆ ಪಾಸಾದರೆ 21ಕ್ಕೆ ಯಾವ ಗಾಡಿಯಾದರೂ ಸರಿ. ಈ ಮೆಟ್ಟಿಲೆಲ್ಲ ಬೇಡ, ನೇರವಾಗಿ ದೊಡ್ಡದಕ್ಕೇ ಹೋಗುತ್ತೇನೆ ಎನ್ನುವವರು 24 ತುಂಬುವವರೆಗೆ ಕಾಯಬೇಕು. ಬಲದ ಜೊತೆಗೆ ತೂಕದ ಲೆಕ್ಕವೂ ಇದೆ. ಎ2 ಗಾಡಿಗೆ ಕಿಲೋ ಒಂದಕ್ಕೆ 0.2 ಕಿಲೋವ್ಯಾಟ್ ಮೀರಬಾರದು. ಅಂದರೆ 35 ಕಿಲೋವ್ಯಾಟ್ ಪೂರ್ತಿ ಬೇಕಾದರೆ ಗಾಡಿ ಕನಿಷ್ಠ 175 ಕಿಲೋ ತೂಗಬೇಕು. ಹಗುರವಾದ ಗಾಡಿಗೆ ಅಷ್ಟೂ ಬಲ ಕೊಟ್ಟು ಹುಡುಗನ ಕೈಗೆ ಒಪ್ಪಿಸುವ ಹಾಗಿಲ್ಲ.

ನನ್ನ ಅಕ್ಕನ ಸಂಸಾರ ಇಂಗ್ಲೆಂಡಿನ ಲೆಸ್ಟರ್ ಊರಿನಲ್ಲಿದೆ. ಅವಳ ಮಗನಿಗೆ 19 ತುಂಬುತ್ತಿದ್ದಂತೆ ಫೋನು ಬಂತು. ನಾನು ಪಾಲಿಟೆಕ್ನಿಕ್‌ನಲ್ಲಿ ಆಟೊಮೊಬೈಲ್ ಪಾಠ ಹೇಳುವವನು ಎಂಬ ಕಾರಣಕ್ಕೆ ಮನೆತನದಲ್ಲಿ ಯಾರು ಗಾಡಿ ಕೊಂಡರೂ ನನಗೊಂದು ಫೋನು ಬರುತ್ತದೆ.

“ಮಾವ, ಇಲ್ಲಿ ನನಗೆ 47 ಎಚ್‌ಪಿ ಮೇಲೆ ಕೊಡೋದೇ ಇಲ್ಲ. ನಿಮ್ಮಲ್ಲಿ 18 ಆದ್ರೆ ಏನು ಬೇಕಾದ್ರೂ ಓಡಿಸಬಹುದಂತೆ, ಹೌದಾ?”

“ಹೌದಪ್ಪ.”

“ಹಾಗಾದ್ರೆ ಬೆಂಗಳೂರಿಗೇ ಬಂದುಬಿಡ್ತೀನಿ.”

ಹಿಂದಿನಿಂದ ಅಕ್ಕನ ದನಿ ಕೇಳಿಸಿತು: “ಗಾಡೀನೇ ಬೇಡ ಅಂತ ಹೇಳೋ ಅವನಿಗೆ!”

ಅಕ್ಕನ ಮಾತನ್ನು ಪಕ್ಕಕ್ಕಿಡೋಣ. ಹುಡುಗನ ಅಸಮಾಧಾನಕ್ಕೆ ಉತ್ತರ ಕೊಡಲೇಬೇಕು. ಸರ್ಕಾರ ತನ್ನನ್ನು ಚಿಕ್ಕ ಮಗುವಿನಂತೆ ಕಾಣುತ್ತಿದೆ, ಮಿತಿ ಹಾಕಿದ್ದು ತಾನು ಜೋರಾಗಿ ಓಡಿಸಬಾರದೆಂದು ಎಂಬುದು ಅವನ ಗ್ರಹಿಕೆ. ನಮ್ಮಲ್ಲಿ ದೊಡ್ಡವರೂ ಹಾಗೇ ತಿಳಿದಿದ್ದಾರೆ. ವೇಗ ತಡೆಯುವುದೇ ಉದ್ದೇಶವಾಗಿದ್ದರೆ ಈ ಮಿತಿ ಕೆಲಸಕ್ಕೆ ಬಾರದು. ಗಾಳಿ ಎದುರು ನಿಲ್ಲುವ ರೀತಿಯೇ ಹಾಗಿದೆ: ವೇಗ ಏರಿದಂತೆ ಬೇಕಾಗುವ ಬಲ ಘನದ ಲೆಕ್ಕದಲ್ಲಿ ಏರುತ್ತದೆ. 11 ಕಿಲೋವ್ಯಾಟಿನ 125 ಸಿಸಿ ಗಾಡಿ ಗಂಟೆಗೆ 110 ಕಿಲೋಮೀಟರ್ ಹತ್ತಿರ ಮುಟ್ಟುತ್ತದೆ. 35 ಕಿಲೋವ್ಯಾಟಿನದು 160ರ ಸುತ್ತಮುತ್ತ ಹೋಗಿ ನಿಲ್ಲುತ್ತದೆ. ಬಲ ಮೂರು ಪಟ್ಟು, ವೇಗ ಒಂದೂವರೆ ಪಟ್ಟು, ಅಷ್ಟೇ. ಪ್ರಾಣ ಹೋಗಲು 110 ಬೇಕಾದಷ್ಟಾಯಿತು. 60 ಕೂಡ ಸಾಕು.

ಹಾಗಾದರೆ ಮಿತಿ ಯಾಕೆ? ಕಾರಣ ಬಲಗೈ ಮಣಿಕಟ್ಟಿನಲ್ಲಿದೆ. ಹೊಸದಾಗಿ ಕಲಿಯುವವರನ್ನು ಹತ್ತಿರದಿಂದ ನೋಡಿ. ಹ್ಯಾಂಡಲ್ ಬಿಗಿಯಾಗಿ ಹಿಡಿದಿರುತ್ತಾರೆ, ಮೊಣಕೈ ನೆಟ್ಟಗೆ, ಮಣಿಕಟ್ಟು ಕೆಳಕ್ಕೆ ಬಾಗಿರುತ್ತದೆ. ಕ್ಲಚ್ಚು ಸ್ವಲ್ಪ ಬೇಗ ಬಿಟ್ಟರೆ ಗಾಡಿ ಮುಂದಕ್ಕೆ ಹಾರುತ್ತದೆ. ಗಾಡಿ ಮುಂದೆ ಹೋದರೆ ಮೈ ಹಿಂದಕ್ಕೆ ಜಗ್ಗುತ್ತದೆ. ಮೈ ಹಿಂದೆ ಹೋದಾಗ ಹ್ಯಾಂಡಲಿಗೆ ಅಂಟಿಕೊಂಡ ಕೈ ತನ್ನಷ್ಟಕ್ಕೆ ತಾನೇ ಇನ್ನಷ್ಟು ತಿರುಗುತ್ತದೆ. ಇನ್ನಷ್ಟು ತಿರುಗಿದರೆ ಗಾಡಿ ಇನ್ನಷ್ಟು ಹಾರುತ್ತದೆ. ರೇಸು ಕೊಟ್ಟವನು ಇವನೇ. ಕೊಟ್ಟಿದ್ದು ಇವನಿಗೆ ಗೊತ್ತೇ ಇರುವುದಿಲ್ಲ. ರಸ್ತೆಯ ಉಬ್ಬು ಏರುವಾಗ, ಬೆಟ್ಟದ ರಸ್ತೆಯ ತಿರುವಿನಲ್ಲಿ, ಯಾರೋ ಅಡ್ಡ ಬಂದು ಗಾಬರಿಯಾದಾಗ ಇದೇ ಆಟ ಮತ್ತೆ ಮತ್ತೆ ನಡೆಯುತ್ತದೆ. 8 ಅಶ್ವಶಕ್ತಿಯ ಸ್ಪ್ಲೆಂಡರಿನ ಮೇಲೆ ಹೀಗಾದರೆ ಗಾಡಿ ಎರಡು ಮಾರು ಮುಗ್ಗರಿಸಿ ಎಂಜಿನ್ ಆಫ್ ಆಗುತ್ತದೆ. ಕಾಂಪೌಂಡಿನ ಬಳಿ ನಿಂತವರು ನಗುತ್ತಾರೆ. ನೂರು ಅಶ್ವಶಕ್ತಿಯ ಗಾಡಿಯ ಮೇಲೆ ಹೀಗಾದರೆ ಕಾಂಪೌಂಡೇ ಎದುರಿಗೆ ಬಂದಿರುತ್ತದೆ. ಹೊಸಬ ತಪ್ಪು ಮಾಡಿಯೇ ಮಾಡುತ್ತಾನೆ. ಆ ತಪ್ಪು ಎಷ್ಟು ದೊಡ್ಡದಾಗಬಹುದು ಎನ್ನುವುದಕ್ಕೆ ಗೆರೆ ಎಳೆಯುವುದಷ್ಟೇ ಮಿತಿಯ ಕೆಲಸ.

ಈ ಗೆರೆಯನ್ನು ಎಲ್ಲಿ ಎಳೆಯಬೇಕು ಎಂದು ಕಂಡುಕೊಳ್ಳಲು ಸರ್ಕಾರಗಳು ಬಹಳ ಕಾಲ ತಡಕಾಡಿವೆ. ಆ ಕಥೆ ಸ್ವಾರಸ್ಯವಾಗಿದೆ. ಬ್ರಿಟನ್ 1961ರಲ್ಲಿ ಕಲಿಯುವವರಿಗೆ 250 ಸಿಸಿ ಎಂಬ ಮಿತಿ ಹಾಕಿತು. ಎಂಜಿನ್ ಸಣ್ಣದಾದರೆ ಗಾಡಿ ಸಾಧುವಾಗಿರುತ್ತದೆ ಎಂಬ ನಂಬಿಕೆ. ಜಪಾನಿನ ಕಂಪನಿಗಳು ಸುಮ್ಮನಿದ್ದಾವೆಯೇ? 250 ಸಿಸಿಯೊಳಗೇ ಎರಡು ಸ್ಟ್ರೋಕಿನ ಎಂಜಿನ್ನುಗಳನ್ನು ಹುರಿಗೊಳಿಸುತ್ತ ಬಂದವು. 1978ರಲ್ಲಿ ಸುಜುಕಿಯ ಎಕ್ಸ್7 ಬಂತು, ಗಂಟೆಗೆ ನೂರು ಮೈಲಿ ಮುಟ್ಟುವ 250 ಎಂಬ ಖ್ಯಾತಿಯೊಂದಿಗೆ. ಬೆನ್ನಿಗೆ ‘ಎಲ್’ ಫಲಕ ಕಟ್ಟಿಕೊಂಡ 17ರ ಹುಡುಗ ಕಾನೂನಿನ ಪ್ರಕಾರವೇ ಅದರ ಮೇಲೆ ಕೂರಬಹುದಿತ್ತು. ಇದಕ್ಕೂ ಮೊದಲು, 1971ರಲ್ಲಿ, 16ರ ಮಕ್ಕಳಿಗೆ 50 ಸಿಸಿ ಮಾತ್ರ, ಅದಕ್ಕೂ ಸೈಕಲ್ಲಿನಂತೆ ಪೆಡಲ್ ಇರಬೇಕು ಎಂದು ಗೊತ್ತುಮಾಡಿದ್ದರು. ಯಮಹಾದವರು ಎಫ್‌ಎಸ್1-ಇ ಎಂಬ ಪುಟ್ಟ ಸ್ಪೋರ್ಟ್ಸ್ ಬೈಕಿಗೆ ಶಾಸ್ತ್ರಕ್ಕೆಂದು ಪೆಡಲ್ ಜೋಡಿಸಿ ಮಾರಿದರು. ಒಂದು ಇಡೀ ತಲೆಮಾರಿನ ಬ್ರಿಟಿಷ್ ಹುಡುಗರು ಅದರ ಮೇಲೆಯೇ ಬೆಳೆದರು. 1977ರಲ್ಲಿ ಮೊಪೆಡ್ಡಿಗೆ ಗಂಟೆಗೆ 30 ಮೈಲಿಯ ಕಡಿವಾಣ ಬಿತ್ತು. 1983ರ ಹೊತ್ತಿಗೆ ಕಲಿಯುವವರ ಗಾಡಿ 125 ಸಿಸಿಗೆ ಇಳಿಯಿತು, ಬಲಕ್ಕೂ 12 ಅಶ್ವಶಕ್ತಿ ಎಂಬ ಅಂಕಿ ಬಂತು. ಸಿಸಿ ನೋಡಿ ಗಾಡಿಯ ಗುಣ ಹೇಳಲಾಗದು ಎಂದು ಅರ್ಥವಾಗಲು ಅವರಿಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ನಮ್ಮ ಶೋರೂಮುಗಳಲ್ಲಿ ಇವತ್ತಿಗೂ ಮೊದಲ ಪ್ರಶ್ನೆ ‘ಎಷ್ಟು ಸಿಸಿ?’ ಎಂಬುದೇ. ಹಾಗೆ ನೋಡಿದರೆ 350 ಸಿಸಿಯ ಬುಲೆಟ್ಟಿಗೆ ಸುಮಾರು 20 ಅಶ್ವಶಕ್ತಿ. ಅದಕ್ಕಿಂತ ತೀರಾ ಸಣ್ಣ ಎಂಜಿನ್ನಿನ ಸ್ಪೋರ್ಟ್ಸ್ ಬೈಕು ಅದನ್ನು ಸಿಗ್ನಲ್ಲಿನಲ್ಲೇ ಹಿಂದೆ ಹಾಕುತ್ತದೆ.

ಅಕ್ಕನ ಮಗನ ಮುಂದೆ ಮೂರು ದಾರಿ ಇದ್ದವು. ಒಂದು, 125ನಲ್ಲೇ ಉಳಿಯುವುದು. ಅಲ್ಲಿ ಸಿಬಿಟಿ ಎಂಬ ಕಡ್ಡಾಯ ತರಬೇತಿ ಇದೆ, 1990ರಿಂದ. ಮೈದಾನದ ಪಾಠ ಮುಗಿಸಿ, ತರಬೇತುದಾರನ ಜೊತೆ ಕನಿಷ್ಠ ಎರಡು ಗಂಟೆ ರಸ್ತೆಯಲ್ಲಿ ಓಡಿಸಿ ತೋರಿಸಿದರೆ ಒಂದು ಸರ್ಟಿಫಿಕೇಟು. ಅದರ ಬಲದ ಮೇಲೆ ಎಲ್ ಫಲಕ ಹಾಕಿಕೊಂಡು 125 ಓಡಿಸಬಹುದು. ಹಿಂದೆ ಯಾರನ್ನೂ ಕೂರಿಸಿಕೊಳ್ಳುವ ಹಾಗಿಲ್ಲ, ಮೋಟರ್‌ವೇಗೆ ಹೋಗುವ ಹಾಗಿಲ್ಲ. ಎರಡು ವರ್ಷಕ್ಕೆ ಅದರ ಅವಧಿ ಮುಗಿಯುತ್ತದೆ, ಮತ್ತೆ ಸಿಬಿಟಿ ಮಾಡಬೇಕು. ಮುಂದಿನ ಪರೀಕ್ಷೆಗಳ ಖರ್ಚು ಭರಿಸಲಾಗದೆ ಹೀಗೆ ಸಿಬಿಟಿ ಮೇಲೆ ಸಿಬಿಟಿ ಮಾಡಿಕೊಂಡೇ ವರ್ಷಗಟ್ಟಲೆ ಓಡಿಸುವವರು ಬಹಳ. ಲಂಡನ್ನಿನಲ್ಲಿ ಊಟ ತಲುಪಿಸುವ ಹುಡುಗರ ಸ್ಕೂಟರುಗಳನ್ನು ನೋಡಿದರೆ ಆ ಕೆಂಪು ಎಲ್ ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಇನ್ನೊಂದು ತಮಾಷೆ: ನಮ್ಮ ದೇಶದ ಲೈಸೆನ್ಸು ಅಲ್ಲಿ ಒಂದು ವರ್ಷ ನಡೆಯುತ್ತದೆ, ಆಮೇಲೆ ಅದನ್ನು ಕೊಟ್ಟು ಅಲ್ಲಿನದನ್ನು ಪಡೆಯಲು ಬರುವುದಿಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಹತ್ತು ವರ್ಷ ಪಲ್ಸರ್ ಓಡಿಸಿ ಪಳಗಿದ ಸಾಫ್ಟ್‌ವೇರ್ ಎಂಜಿನಿಯರ್ ಕೂಡ ಮಿರುಗುವ ಜಾಕೀಟು ತೊಟ್ಟು, ಮೈದಾನದಲ್ಲಿ ಕೋನ್‌ಗಳ ನಡುವೆ, 17ರ ಮಕ್ಕಳ ಹಿಂದೆ ಸಾಲಾಗಿ ನಿಲ್ಲಬೇಕು.

ಎರಡನೆಯ ದಾರಿ, ಹುಟ್ಟುತ್ತಲೇ 35 ಕಿಲೋವ್ಯಾಟಿನೊಳಗೆ ಇರುವ ಬೈಕು. ಮೂರನೆಯದು, ಬಲಿಷ್ಠ ಗಾಡಿಯನ್ನು ಕೊಂಡು ಅದರ ಬಲ ಕಟ್ಟಿಹಾಕಿಸುವುದು. ಹುಡುಗನ ಮನಸ್ಸು ಮೂರನೆಯದರ ಮೇಲಿತ್ತು. ಯಮಹಾ ಎಂಟಿ-07 ಎಂಬ ಗಾಡಿಯ ಪೂರ್ತಿ ಬಲ ಸುಮಾರು 55 ಕಿಲೋವ್ಯಾಟ್. ಅದನ್ನು 35ಕ್ಕೆ ಇಳಿಸಿಕೊಡುತ್ತಾರೆ. ಎರಡು ವರ್ಷ ಕಳೆದು ಪರೀಕ್ಷೆ ಪಾಸಾದ ಮೇಲೆ ಕಟ್ಟು ಬಿಚ್ಚಿಸಿಕೊಂಡರಾಯಿತು, ಹೊಸ ಗಾಡಿ ಕೊಳ್ಳುವ ಖರ್ಚಿಲ್ಲ ಎಂಬ ಲೆಕ್ಕ. ಕೇಳಲು ಜಾಣತನದ ಮಾತು.

ಕಟ್ಟಿಹಾಕುವುದು ಹೇಗೆ ಎಂದು ಹೇಳಿಬಿಡುತ್ತೇನೆ, ಇದರಲ್ಲೇ ಒಳಮರ್ಮ ಇದೆ. ಹಳೆಯ ಕಾರ್ಬುರೇಟರ್ ಗಾಡಿಗಳಲ್ಲಿ ಗಾಳಿ ಒಳಹೋಗುವ ದಾರಿಯಲ್ಲಿ ಸಣ್ಣ ರಂಧ್ರದ ವಾಷರು ಕೂರಿಸುತ್ತಿದ್ದರು. ಎಂಜಿನ್ನಿಗೆ ಉಸಿರು ಸಾಲದೆ ಮೇಲಿನ ಆರ್‌ಪಿಎಂನಲ್ಲಿ ಅದು ಏದುಸಿರು ಬಿಡುತ್ತಿತ್ತು. ಇನ್ನೊಂದು ವಿಧಾನ, ಎಕ್ಸಲರೇಟರ್ ಪೂರ್ತಿ ತಿರುಗದಂತೆ ಒಂದು ತಡೆ ಇಡುವುದು. ಈಗಿನ ಗಾಡಿಗಳಲ್ಲಿ ಇಸಿಯು ಎಂಬ ಪುಟ್ಟ ಕಂಪ್ಯೂಟರಿನೊಳಗಿನ ಲೆಕ್ಕವನ್ನೇ ಬದಲಾಯಿಸುತ್ತಾರೆ. ಈ ಎಲ್ಲದರಲ್ಲೂ ಕಡಿತ ಬೀಳುವುದು ಬಹುಮಟ್ಟಿಗೆ ಮೇಲಿನ ತುದಿಯಲ್ಲಿ. ತಡೆ ಇಟ್ಟ ಗಾಡಿ ಸಿಗ್ನಲ್ ಬಿಟ್ಟಾಗ, ಸಣ್ಣ ಗೇರಿನಲ್ಲಿ, ಎಕ್ಸಲರೇಟರಿನ ಮೊದಲ ಕಾಲುಭಾಗ ತಿರುವಿನಲ್ಲಿ ಬಹಳಷ್ಟು ಮಟ್ಟಿಗೆ ಮೊದಲಿನಂತೆಯೇ ನುಗ್ಗುತ್ತದೆ. ನಾನು ಆಗಲೇ ಹೇಳಿದ ಮಣಿಕಟ್ಟಿನ ತಪ್ಪು ನಡೆಯುವುದು ಸರಿಯಾಗಿ ಅಲ್ಲೇ. ಬಲಕ್ಕೆ ಕಟ್ಟು ಬಿತ್ತು, ತೂಕ ಇದ್ದಷ್ಟೇ ಉಳಿಯಿತು. ಸೀಟು ಅಷ್ಟೇ ಎತ್ತರ. ಟೈರಿನ ಅಗಲ, ಬಿದ್ದರೆ ರಿಪೇರಿಯ ಬಿಲ್ಲು, ಎಲ್ಲ ದೊಡ್ಡ ಗಾಡಿಯದೇ. ಹೊಸಬರು ಗಾಡಿ ಬೀಳಿಸುವುದು ಹೆದ್ದಾರಿಯಲ್ಲಿ ಕಡಿಮೆ, ಮನೆ ಮುಂದೆ ತಿರುಗಿಸುವಾಗ ಜಾಸ್ತಿ.

ಯುರೋಪಿನವರೇ ಇದನ್ನು ಮನಗಂಡು ಒಂದು ಷರತ್ತು ಹಾಕಿದ್ದಾರೆ. ಕಟ್ಟಿಹಾಕುವ ಗಾಡಿಯ ಮೂಲ ಬಲ ಕಟ್ಟಿದ ಬಲದ ಎರಡು ಪಟ್ಟು ಮೀರಿರಬಾರದು, ಅಂದರೆ 70 ಕಿಲೋವ್ಯಾಟ್ ಮೇಲಿನದನ್ನು 35ಕ್ಕೆ ಇಳಿಸಿ ಎ2 ಎನ್ನುವಂತಿಲ್ಲ. ಕವಾಸಾಕಿಯ ಝಡ್900 ಪೂರ್ತಿ ಬಲದಲ್ಲಿ 90 ಕಿಲೋವ್ಯಾಟ್ ದಾಟುವ ಗಾಡಿ. ಅದನ್ನು ಹುಡುಗರಿಗೂ ಮಾರಬೇಕೆಂದು ಕಂಪನಿ ಅದೇ ಗಾಡಿಯ 70 ಕಿಲೋವ್ಯಾಟಿನ ಇನ್ನೊಂದು ಅವತಾರ ತೆಗೆಯಿತು. ಆಮೇಲೆ ಅದನ್ನು ಅರ್ಧಕ್ಕೆ ಇಳಿಸಿದರೆ ಕಾನೂನಿಗೆ ಸರಿಹೋಯಿತು! ಇನ್ನೂರು ಕಿಲೋ ಮೀರಿದ ಆ ದೊಡ್ಡ ಗಾಡಿಯನ್ನು 19ರ ಹುಡುಗ ಮೊದಲ ಬೈಕೆಂದು ಕೊಂಡರೆ ನಾನಂತೂ ಅದನ್ನು ಮಿತಿ ಎನ್ನುವುದಿಲ್ಲ. ಪೆಡಲ್ ಜೋಡಿಸಿದವರ ವಂಶ ಇನ್ನೂ ಅಳಿದಿಲ್ಲ ಎನ್ನುತ್ತೇನೆ.

ಆದ್ದರಿಂದ ನನ್ನ ಮತ ಎರಡನೆಯ ದಾರಿಗೆ. ಹೋಂಡಾ ಕಂಪನಿಯ ಸಿಬಿ500 ಸಾಲಿನ ಗಾಡಿಗಳು 2013ರಲ್ಲಿ, ಕಾನೂನು ಬಂದ ವರ್ಷವೇ ಬಂದವು: 471 ಸಿಸಿ, ಸರಿಯಾಗಿ 35 ಕಿಲೋವ್ಯಾಟ್. ಎಂಜಿನ್ನನ್ನು ಆ ಬಲಕ್ಕೆಂದೇ ಹೊಂದಿಸಿರುವುದರಿಂದ ಎಕ್ಸಲರೇಟರಿನ ಮೊದಲ ತಿರುವಿನಿಂದ ಕೊನೆಯ ತಿರುವಿನವರೆಗೆ ಒಂದೇ ಹದ. ಎಲ್ಲೂ ಎಗರುವುದಿಲ್ಲ, ಎಲ್ಲೂ ಉಸಿರು ಕಟ್ಟುವುದಿಲ್ಲ.

ಇಲ್ಲಿಗೆ ಕಥೆ ನಮ್ಮ ಊರಿನ ಹತ್ತಿರ ಬರುತ್ತದೆ. ಯುರೋಪಿನ ಹೊಸಬರಿಗೆಂದು ಹುಟ್ಟಿದ ಎ2 ಗಾತ್ರದ ಎಷ್ಟೋ ಗಾಡಿಗಳು ತಯಾರಾಗುವುದು ನಮ್ಮ ಸುತ್ತಮುತ್ತ. ಬಿಎಂಡಬ್ಲ್ಯು ಜಿ 310 ಆರ್ ಎಂಬ 313 ಸಿಸಿ, 25 ಕಿಲೋವ್ಯಾಟಿನ ಗಾಡಿಯನ್ನು ಮಾಡಿದ್ದು ಹೊಸೂರಿನ ಟಿವಿಎಸ್ ಕಾರ್ಖಾನೆ. ಎಲೆಕ್ಟ್ರಾನಿಕ್ ಸಿಟಿಯಿಂದ ಅತ್ತ ಸ್ವಲ್ಪ ದೂರ. ಕೆಟಿಎಂ 390 ಡ್ಯೂಕ್ ಪುಣೆಯ ಬಳಿಯ ಚಾಕಣದಿಂದ. ರಾಯಲ್ ಎನ್‌ಫೀಲ್ಡಿನ ಇಂಟರ್‌ಸೆಪ್ಟರ್ 650 ಚೆನ್ನೈ ಕಡೆಯದು. ಈ ಕೊನೆಯದರ ಲೆಕ್ಕ ನೋಡಿ: 648 ಸಿಸಿ, 47 ಅಶ್ವಶಕ್ತಿ. ಆ 47 ಕಾಕತಾಳೀಯವಾಗಿ ಬಂದದ್ದಲ್ಲ, ಎ2 ಗೆರೆಯ ಮೇಲೆಯೇ ಕೂರಿಸಿದ್ದು. ಆಸ್ಟ್ರೇಲಿಯಾದ ಹೊಸಬರ ನಿಯಮ ಬೇರೆ: 660 ಸಿಸಿಯವರೆಗೆ, ಟನ್ನಿಗೆ 150 ಕಿಲೋವ್ಯಾಟ್. ಅದಕ್ಕೂ ಇದು ಹೊಂದುತ್ತದೆ. ಆ ಗಾಡಿಯನ್ನು ರೂಪಿಸಿದ ಕಂಪನಿಯ ತಾಂತ್ರಿಕ ಕೇಂದ್ರ ಇರುವುದು ಲೆಸ್ಟರ್‌ಷೈರ್‌ನ ಬ್ರಂಟಿಂಗ್‌ಥಾರ್ಪ್‌ನಲ್ಲಿ, ನಮ್ಮ ಅಕ್ಕನ ಮನೆಯಿಂದ ಒಂದು ಸಣ್ಣ ಪ್ರಯಾಣ. ಹುಡುಗನಿಗೆ ಇದನ್ನು ಹೇಳಿದಾಗ ಸ್ವಲ್ಪ ಮೆತ್ತಗಾದ. “ಅಂದ್ರೆ ಲಿಮಿಟ್ ಇಲ್ಲಿಂದು, ಗಾಡಿ ಅಲ್ಲಿಂದು” ಎಂದ. ಸರಿಯಾಗೇ ಹೇಳಿದ.

ಆದರೂ ಇಂಟರ್‌ಸೆಪ್ಟರ್ ಕೊಳ್ಳು ಎಂದು ನಾನು ಅವನಿಗೆ ಹೇಳಲಿಲ್ಲ. ಪೆಟ್ರೋಲ್ ಹಾಕುವ ಮೊದಲೇ 200 ಕಿಲೋ ದಾಟುವ ಗಾಡಿ. ಹುಡುಗ ನಮ್ಮ ಮನೆತನದ ಅಳತೆಯವನು, ಗಿಡ್ಡ. “ಮೊದಲು ಸೀಟಿನ ಮೇಲೆ ಕೂತು ಎರಡೂ ಪಾದ ನೆಲಕ್ಕೆ ಮುಟ್ಟುತ್ತಾ ನೋಡು. ಬೆರಳ ತುದಿ ಮಾತ್ರ ತಾಗಿದರೆ ಬೇಡ. ಸೈಡ್ ಸ್ಟ್ಯಾಂಡಿನಿಂದ ನೆಟ್ಟಗೆ ಎತ್ತು. ಎಂಜಿನ್ ಬಂದ್ ಮಾಡಿ ಹಿಂದಕ್ಕೆ ತಳ್ಳು. ತಳ್ಳೋಕೆ ಆಗದ ಗಾಡಿ ತಿರುಗಿಸೋಕೂ ಆಗಲ್ಲ” ಎಂದೆ. ಇನ್‌ಶೂರೆನ್ಸಿನ ಮೊತ್ತವನ್ನು ಗಾಡಿ ನೋಡಲು ಹೋಗುವ ಮುಂಚೆಯೇ ಕೇಳಿಕೊಳ್ಳಬೇಕು ಎಂದೂ ಹೇಳಿದೆ. ಅಲ್ಲಿ ಹತ್ತೊಂಬತ್ತರ ಹುಡುಗನ ವಿಮೆ ಗಾಡಿಯ ಬೆಲೆಯೊಡನೆ ಪೈಪೋಟಿಗಿಳಿಯುತ್ತದೆ. ಕಟ್ಟು ಹಾಕಿದ ಗಾಡಿಯ ಕಟ್ಟನ್ನು ಗುಟ್ಟಾಗಿ ಬಿಚ್ಚಿಕೊಂಡು ಓಡಿಸಿದರೆ ಆ ವಿಮೆಯೂ ಗಾಳಿಗೆ ಹೋಯಿತು, ಲೈಸೆನ್ಸಿಲ್ಲದೆ ಓಡಿಸಿದ ಅಪರಾಧವೂ ಬಂತು.

ಇನ್ನು ನಮ್ಮಲ್ಲಿನ ಮಾತು. ನಮ್ಮಲ್ಲಿ ಮಿತಿ ಇಲ್ಲವೇ ಇಲ್ಲ ಎನ್ನುವಂತಿಲ್ಲ. 1988ರ ಮೋಟರು ವಾಹನ ಕಾಯಿದೆಯಲ್ಲಿ 16 ತುಂಬಿದವರು 50 ಸಿಸಿ ಮೀರದ ಗಾಡಿ ಓಡಿಸಬಹುದು ಎಂದಿದೆ. ಆ ಕಾಯಿದೆ ಬರೆದಾಗ ಬೀದಿಯಲ್ಲಿ ಲೂನಾ ಓಡಾಡುತ್ತಿತ್ತು. ಈಗ ಶೋರೂಮಿಗೆ ಹೋಗಿ 50 ಸಿಸಿಯ ಪೆಟ್ರೋಲ್ ಗಾಡಿ ಕೇಳಿದರೆ ಸೇಲ್ಸ್ ಹುಡುಗ ನಿಮ್ಮ ಮುಖ ನೋಡುತ್ತಾನೆ. ಕಾನೂನು ಇದೆ, ಕಾನೂನಿಗೆ ತಕ್ಕ ಗಾಡಿ ಇಲ್ಲ. ಇನ್ನೊಂದು ಮಿತಿ ಬ್ಯಾಟರಿ ಗಾಡಿಗಳದು: 250 ವ್ಯಾಟಿನೊಳಗೆ, ಗಂಟೆಗೆ 25 ಕಿಲೋಮೀಟರಿನೊಳಗೆ ಇದ್ದರೆ ಲೈಸೆನ್ಸೇ ಬೇಡ. ಇವೆರಡರ ನಡುವೆ ಬಿದ್ದವರು ಪಿಯುಸಿ ಮಕ್ಕಳು. ಟ್ಯೂಷನ್ನಿಗೆ ದೂರ, ಬಸ್ಸಿಲ್ಲ, ಅಪ್ಪನಿಗೆ ಬಿಡುವಿಲ್ಲ. ಮನೆಯ ಆಕ್ಟಿವಾ ಕೈಗೆ ಬರುತ್ತದೆ. 2019ರ ತಿದ್ದುಪಡಿಯ 199ಎ ಕಲಮು ಇದಕ್ಕೆ ತಂದೆ ತಾಯಿಯನ್ನೋ ಗಾಡಿಯ ಮಾಲೀಕರನ್ನೋ ಹೊಣೆ ಮಾಡುತ್ತದೆ: 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆ, ಗಾಡಿಯ ನೋಂದಣಿ ಒಂದು ವರ್ಷ ರದ್ದು, ಆ ಮಗುವಿಗೆ 25 ತುಂಬುವವರೆಗೆ ಲೈಸೆನ್ಸಿಲ್ಲ. ಮನೆಯಲ್ಲಿ ಚಾವಿ ಕೊಡುವ ಮುಂಚೆ ಈ ಕಲಮನ್ನು ಒಮ್ಮೆ ಗಟ್ಟಿಯಾಗಿ ಓದಿ.

18 ತುಂಬಿದ ದಿನದಿಂದ ಮಾತ್ರ ಬಾಗಿಲು ಹಾರುಹೊಡೆದು ತೆರೆದಿದೆ. ಎಲ್‌ಎಲ್‌ಆರ್ ಮಾಡಿಸಿ 30 ದಿನ ಕಳೆದ ಮೇಲೆ ಆರ್‌ಟಿಓ ಮೈದಾನದಲ್ಲಿ ಎಂಟು ಹಾಕಬೇಕು. ಕಾಲು ನೆಲಕ್ಕೆ ಊರದೆ ಎಂಟು ಬಂತೋ, ‘ಗೇರ್ ಇರುವ ಮೋಟರ್‌ಸೈಕಲ್’ ಎಂದು ಡಿಎಲ್ ಬಂತು. ಅಂಕಲ್ಲಿನ 100 ಸಿಸಿ ಗಾಡಿ ಬೇಡಿ ತಂದು ಎಂಟು ಹಾಕಿದವನು ಮರುದಿನ 190 ಅಶ್ವಶಕ್ತಿಯ ಹಯಾಬುಸ ಓಡಿಸಿದರೂ ಕಾನೂನು ಏನನ್ನೂ ಕೇಳುವುದಿಲ್ಲ. ಬ್ರಿಟನ್ನಿನ ಪರೀಕ್ಷೆಯ ಮೊದಲ ಭಾಗದಲ್ಲೂ ಎಂಟು ಇದೆ. ಅದು ಆರಂಭದ ಒಂದು ಅಂಶ ಮಾತ್ರ. ಅದಾದ ಮೇಲೆ ಗಂಟೆಗೆ 50 ಕಿಲೋಮೀಟರಿಗೆ ಏರಿ ಒಮ್ಮೆಲೇ ನಿಲ್ಲಿಸಬೇಕು, ಅದೇ ವೇಗದಲ್ಲಿ ಅಡ್ಡ ಬಂದ ತೊಡಕನ್ನು ಕೊಂಕಿ ದಾಟಬೇಕು. ಎರಡನೆಯ ಭಾಗ ರಸ್ತೆಯಲ್ಲಿ, ಪರೀಕ್ಷಕ ಹಿಂದೆಯೇ ಬರುತ್ತಾನೆ. ನಮ್ಮ ಹುಡುಗರಿಗೆ ವೇಗವಾಗಿ ಹೋಗುತ್ತಿರುವ ಗಾಡಿಯನ್ನು ನಿಲ್ಲಿಸಲು ಬರುತ್ತದೆಯೇ ಎಂದು ಯಾರೂ ನೋಡಿರುವುದೇ ಇಲ್ಲ. ಕೇಂದ್ರ ಸರ್ಕಾರದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ತೀರಿಕೊಂಡವರು 1,68,491 ಮಂದಿ. ಅವರಲ್ಲಿ ನೂರಕ್ಕೆ 44.5ರಷ್ಟು ದ್ವಿಚಕ್ರ ವಾಹನದಲ್ಲಿ ಇದ್ದವರು.

ಕಾನೂನು ಮೆಟ್ಟಿಲು ಕಟ್ಟಿಕೊಡದಿದ್ದರೆ ಮನೆಯವರೇ ಕಟ್ಟಬೇಕಾಗುತ್ತದೆ. ಯುರೋಪಿನ ಅಂಕಿಗಳು ಅಲ್ಲಿನ ರಸ್ತೆಗೆ ಮಾಡಿದವು, ಇಲ್ಲಿಗೆ ಹಾಗೆ ಹಾಗೇ ತರುವ ಅಗತ್ಯವಿಲ್ಲ. ನಮ್ಮ ರಸ್ತೆಯ ಗುಂಡಿ, ನಾಯಿ, ಎದುರಿನಿಂದ ತಪ್ಪು ದಾರಿಯಲ್ಲಿ ಬರುವ ಟ್ರ್ಯಾಕ್ಟರು, ಬಣ್ಣ ಕಾಣದ ಉಬ್ಬುಗಳನ್ನು ನೋಡಿದರೆ ಮೊದಲ ಗಾಡಿಗೆ 8ರಿಂದ 15 ಅಶ್ವಶಕ್ತಿ ಧಾರಾಳ. ಕೆಟಿಎಂ 390ರಲ್ಲಿ ಅದರ ಮೂರು ಪಟ್ಟು ಇದೆ. ಒಳ್ಳೆಯ ಗಾಡಿಯೇ, ಎರಡನೆಯ ಗಾಡಿಯಾಗಿ. ಅಪ್ಪನ ಹಳೆಯ ಸ್ಪ್ಲೆಂಡರು ಮೂಲೆಯಲ್ಲಿದ್ದರೆ ಅದನ್ನೇ ಸರ್ವೀಸ್ ಮಾಡಿಸಿ ಒಂದು ಮಳೆಗಾಲ, ಒಂದು ಬೇಸಿಗೆ ಮಗನೋ ಮಗಳೋ ಓಡಿಸಲಿ. ‘ಫ್ರೆಂಡ್ಸ್ ನಗ್ತಾರೆ’ ಎಂಬ ಆಕ್ಷೇಪ ಬರುತ್ತದೆ, ಬರಲಿ. ಅವರಿಗೆ ಒಂದು ಮಾಹಿತಿ ಕೊಡಿ: ಒಂದು ಕಾಲದಲ್ಲಿ ದೇಶವೇ ಬೆರಗಾಗಿ ನೋಡಿದ ರಾಜದೂತ್ 350, ಯಮಹಾದ ಮೂಲ 39 ಅಶ್ವಶಕ್ತಿಯ ಗಾಡಿಯಿಂದ ಇಳಿಸಿದ್ದು. ನಮ್ಮಲ್ಲಿ ಮಾರಿದ್ದರಲ್ಲಿ ಒಂದಕ್ಕೆ 30.5, ಇನ್ನೊಂದಕ್ಕೆ 27. ಮೈಲೇಜಿಗಾಗಿ ಬಲ ಇಳಿಸಿದ ಆ ಗಾಡಿಯನ್ನೇ ಜನ ಈಗ ಲಕ್ಷಗಟ್ಟಲೆ ಕೊಟ್ಟು ಕೊಳ್ಳುತ್ತಾರೆ. ಮೈಸೂರಿನಲ್ಲಿ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಮಾಡಿದ ಕಾರ್ಖಾನೆಯ ರೋಡ್‌ಕಿಂಗ್ ಕೂಡ 16 ಅಶ್ವಶಕ್ತಿಯದು. ಅದನ್ನು ಓಡಿಸಿದ ಯಾರನ್ನಾದರೂ ಕೇಳಿ, ಬಲ ಸಾಲಲಿಲ್ಲ ಎಂದು ಒಬ್ಬರೂ ಹೇಳುವುದಿಲ್ಲ.

ಹೊಸದು ಕೊಳ್ಳುವುದಾದರೆ ಎಬಿಎಸ್ ಬ್ರೇಕ್ ಇರುವುದನ್ನು ನೋಡಿ. ನಮ್ಮಲ್ಲಿ 125 ಸಿಸಿ ಮೇಲಿನ ಗಾಡಿಗಳಿಗೆ 2019ರ ಏಪ್ರಿಲಿನಿಂದ ಅದು ಕಡ್ಡಾಯವಾಗಿದೆ. ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವವರು ಅದಕ್ಕಿಂತ ಹಳೆಯ 150ರ ಗಾಡಿಗೆ ಎಬಿಎಸ್ ಇದೆಯೆಂದು ಭಾವಿಸಬೇಡಿ, ಮುಂದಿನ ಚಕ್ರದ ಬಳಿ ಹಲ್ಲು ಹಲ್ಲಿನ ಚಿಕ್ಕ ಉಂಗುರ ಇದೆಯೇ ಎಂದು ಬಗ್ಗಿ ನೋಡಿ. ಹ್ಯಾಂಡಲ್ ಎರಡೂ ಬದಿಗೆ ತಿರುಗಿಸಿ, ನಡುವೆ ಎಲ್ಲಾದರೂ ಸಿಕ್ಕಿಕೊಂಡಂತಾದರೆ ಆ ಗಾಡಿ ಎಲ್ಲೋ ಗುದ್ದಿ ಬಂದಿರುವ ಅನುಮಾನವಿರಲಿ. ಕೊಳ್ಳಲು ತೆಗೆದಿಟ್ಟ ದುಡ್ಡಿನಲ್ಲೇ ಮುಖ ಪೂರ್ತಿ ಮುಚ್ಚುವ ಐಎಸ್‌ಐ ಗುರುತಿನ ಹೆಲ್ಮೆಟ್ಟು, ಒಂದು ಜೊತೆ ಗ್ಲೌಸು ಬರಬೇಕು. ಅದಕ್ಕೆ ಸಾಲದಿದ್ದರೆ ಇನ್ನೂ ಸ್ವಲ್ಪ ಅಗ್ಗದ ಗಾಡಿ ಹುಡುಕಿ.

ಮನೆಗೆ ತಂದ ಮೊದಲ ಭಾನುವಾರ ಬೆಳಿಗ್ಗೆ ಖಾಲಿ ಮೈದಾನಕ್ಕೆ ಕರೆದುಕೊಂಡು ಹೋಗಿ. ನಮ್ಮಲ್ಲಿ ಗಾಡಿ ಕಲಿಸುವ ಪ್ರತಿ ಅಣ್ಣನೂ ಪ್ರತಿ ಚಿಕ್ಕಪ್ಪನೂ ಹೇಳುವ ಮೊದಲ ಮಾತು, “ಮುಂದಿನ ಬ್ರೇಕ್ ಮುಟ್ಟಬೇಡ, ಬಿದ್ದುಹೋಗ್ತೀಯ.” ಆ ಪಾಠವನ್ನು ಮೊದಲು ಮರೆಸಿ. ಬ್ರೇಕ್ ಹಿಡಿದಾಗ ಗಾಡಿಯ ಭಾರವೆಲ್ಲ ಮುಂದಿನ ಚಕ್ರದ ಮೇಲೆ ಬರುತ್ತದೆ, ಹಿಂದಿನದು ಹಗುರಾಗುತ್ತದೆ. ನಿಲ್ಲಿಸುವ ಶಕ್ತಿ ಬಹುಪಾಲು ಮುಂದಿನದೇ. ವೇಗ 60ರಿಂದ 80ಕ್ಕೆ ಏರಿದರೆ ಬ್ರೇಕ್ ಹಿಡಿದ ಮೇಲೆ ಗಾಡಿ ಓಡುವ ದೂರ ಒಂದೂಮುಕ್ಕಾಲು ಪಟ್ಟಾಗುತ್ತದೆ. ಹಿಂದಿನ ಬ್ರೇಕೊಂದನ್ನೇ ನಂಬಿದರೆ ಇನ್ನೂ ಹೆಚ್ಚು. ಹ್ಯಾಂಡಲ್ ನೆಟ್ಟಗಿರಲಿ. 20ರಲ್ಲಿ ಶುರು ಮಾಡಿ, ಎರಡು ಬೆರಳಿನಿಂದ ಮುಂದಿನ ಬ್ರೇಕನ್ನು ಸ್ಪಂಜು ಹಿಂಡಿದಂತೆ ಮೆಲ್ಲನೆ ಹಿಂಡಲಿ, ಜೊತೆಗೆ ಹಿಂದಿನದನ್ನೂ ಒತ್ತಲಿ. ಆಮೇಲೆ 30, ಆಮೇಲೆ 40. ಎಲ್ಲಿ ಹಿಡಿದೆ, ಎಲ್ಲಿ ನಿಂತೆ ಎಂದು ನೆಲದ ಮೇಲೆ ಎರಡು ಕಲ್ಲು ಇಟ್ಟು ಅಳೆಯಲಿ. ಮಳೆ ಬಂದ ಮರುದಿನ ಅದೇ ಜಾಗಕ್ಕೆ ಹೋಗಿ ಮತ್ತೊಮ್ಮೆ ಅಳೆಯಲಿ, ಕಲ್ಲುಗಳ ನಡುವಿನ ಅಂತರ ಎಷ್ಟು ಬೆಳೆದಿದೆ ಎಂದು ಅವರೇ ನೋಡಲಿ.